ಹುಣಸೆಹುಳಿಯಲ್ಲಿ ತೊಳೆದ ಪದ

ಕುಂದಾಪುರದ ಮೀನು ಪೇಟೆಯಲ್ಲಿ ಕೋಡಿಯ ಜಲಜನ ಬಾಯಿಗೆ ಹೆದರದವರು ಇಬ್ಬರೇ. ಒಬ್ಬ ಅವಳ ಗಂಡ ಅಶೋಕ್. ದೋಣಿಯ ಇಂಜಿನ್ನಿನ ಪಕ್ಕ ಕೂತು ಕೂತು ಅವನ ಒಂದು ಕಿವಿ ಮಂದವಾಗಿತ್ತು. ಜಗಳದ ಹೊತ್ತಿಗೆ ಆ ಕಿವಿಯನ್ನೇ ಹೆಂಡತಿಯ ಕಡೆ ತಿರುಗಿಸಿ ಕೂರುತ್ತಿದ್ದ. ಇನ್ನೊಬ್ಬ ಅವಳ ತಮ್ಮ ಕುಷ್ಟ. ಹೋದ ವರ್ಷ ಮಳೆಗಾಲದಲ್ಲಿ ಎದೆನೋವೆಂದು ನಡೆದುಕೊಂಡೇ ಆಸ್ಪತ್ರೆಗೆ ಹೋದವನು ನಡೆದುಕೊಂಡು ಮನೆಗೆ ಬರಲಿಲ್ಲ. ದೇವರು ಕರೆದ ಮೇಲೆ ಇಲ್ಲಿ ಯಾರ ಬಾಯಿ ಎಷ್ಟು ದೊಡ್ಡದಾದರೇನು.

ತಮ್ಮ ಸತ್ತ ದಿನವೂ ಜಲಜ ಅಳಲಿಲ್ಲ. ಕಟ್ಟಿಗೆ ತಂದವನಿಗೆ ಹಸಿ ಕಟ್ಟಿಗೆ ತಂದೆಯೆಂದು ಬೈದಳು. ಬಂದ ನೆಂಟರಿಗೆಲ್ಲ ಚಹಾ ಕೊಟ್ಟಳು. ಮೈಲಿಗೆ ಕಳೆದ ಮರುದಿನವೇ ಬುಟ್ಟಿ ಹೊತ್ತು ಪೇಟೆಗೆ ಬಂದಳು. ಅವಳ ಪಕ್ಕದಲ್ಲೇ ಬುಟ್ಟಿ ಇಟ್ಟು ಕೂರುವ ಪದ್ದು ಇದನ್ನೆಲ್ಲ ಕಂಡು, "ಜಲಜಕ್ಕಂದ್ ಎದಿ ಅಲ್ಲ, ಕಾರ್ಖಾನಿ ಹಂಚ್" ಎಂದು ಪೇಟೆಯಿಡೀ ಹೇಳಿಕೊಂಡು ಬಂದಳು. ಜಲಜ ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡಳು. ಜನ ತನ್ನನ್ನು ಹಾಗೆಯೇ ತಿಳಿಯಲಿ ಎಂಬುದು ಅವಳ ಆಸೆ. ಪೇಟೆಯವರು ಒಮ್ಮೆ ತನ್ನ ಕಣ್ಣೀರು ಕಂಡರೆ ಆಮೇಲೆ ತಾನು ಎಷ್ಟು ಗದರಿದರೂ ಯಾರೂ ಕೇಳಲಾರರು ಎಂದು ಅವಳ ಹೆದರಿಕೆ.

ಆದರೆ ಅವಳು ಒಂದು ಸಲ ಹಾಡುಹಗಲಿನಲ್ಲಿ, ಕುಂದಾಪುರದ ಶಾಸ್ತ್ರಿ ಸರ್ಕಲ್ಲಿನಲ್ಲಿ, ಗೊಳೋ ಎಂದು ಅತ್ತದ್ದುಂಟು. ಅದು ಕುಷ್ಟ ಮೊದಲ ಬಾರಿಗೆ ಮುಂಬಯಿಗೆ ಹೊರಟ ದಿನ. ಅದೃಷ್ಟಕ್ಕೆ, ಕಂಡವರೆಲ್ಲ ಅದೇ ಬಸ್ಸಿನಲ್ಲಿ ಮುಂಬಯಿಗೆ ಹೋಗಿಬಿಟ್ಟರು. ಸಾಕ್ಷಿ ಎಂದು ಉಳಿದದ್ದು ಒಂದು ಕ್ಯಾಸೆಟ್ಟು ಮಾತ್ರ. ಅದು ಜಲಜನ ಕಪಾಟಿನಲ್ಲಿ, ಮದುವೆಯ ಸೀರೆಯ ಕೆಳಗಿತ್ತು.

ಆ ಕ್ಯಾಸೆಟ್ಟಿನ ಸಂಗತಿ ಹೇಳಬೇಕು. ಕುಷ್ಟ ಮುಂಬಯಿಯ ಹೋಟೆಲೊಂದರ ಅಡುಗೆಮನೆಗೆ ಸೇರಿದ್ದ. ಆ ಕೇರಿಯ ಹುಡುಗರು ಅಮೆರಿಕದ ಹಿಪ್ ಹಾಪ್ ಪದಗಳನ್ನು ಕೇಳುತ್ತಿದ್ದರು. ರಾಗ ಕಡಿಮೆ, ಮಾತು ಹೆಚ್ಚು. ತಾಳ ತಪ್ಪದೆ ಎದುರಿನವನ ಮಾನ ಕಳೆಯುತ್ತ ಹೋಗುವುದು. ಕುಷ್ಟನಿಗೆ ಅದು ಹೊಸ ವಿದ್ಯೆಯಾಗಿ ಕಾಣಲಿಲ್ಲ. "ಇದೆಂತ ದೊಡ್ಡ್ ಸಂಗ್ತಿ? ನಮ್ಮಕ್ಕ ದಿನಾ ಬೆಳ್ಗಾಗ್ಯೆ ಮೀನ್ ಪ್ಯಾಟಿಯಗೆ ಮಾಡುದ್ ಇದನ್ನೇ" ಎಂದನಂತೆ. ಅದೇ ಹೋಟೆಲಿನಲ್ಲಿ ಗುಡ್ಡ ಎಂಬ ಹುಡುಗ ಮಣೆಯ ಮೇಲೆ ಈರುಳ್ಳಿ ಕೊಚ್ಚುವ ಸದ್ದೇ ತಾಳವಾಯಿತು. ಮಾಲೀಕರ ಟೇಪ್ ರೆಕಾರ್ಡರಿನ ಮುಂದೆ ನಿಂತು ಕುಷ್ಟ ನಮ್ಮೂರ ಮಾತಿನಲ್ಲಿಯೇ ಪದ ಹೇಳಿದ. ಬಂಗ್ಡೆ ಭಾಯ್ ಎಂದು ತನಗೆ ತಾನೇ ಹೆಸರಿಟ್ಟುಕೊಂಡ.

ಆ ಕ್ಯಾಸೆಟ್ಟುಗಳು ಯಾವ ಅಂಗಡಿಯಲ್ಲಿಯೂ ಸಿಗುತ್ತಿರಲಿಲ್ಲ. ಮುಂಬಯಿ ಬಸ್ಸಿನ ಕ್ಲೀನರನ ಗುರುತಿರಬೇಕು. ಅವನು ಡ್ರೈವರನ ಸೀಟಿನ ಕೆಳಗಿಂದ ತೆಗೆದುಕೊಡುತ್ತಿದ್ದ. ಒಬ್ಬರಿಂದ ಒಬ್ಬರು ನಕಲು ಮಾಡಿಕೊಂಡು ಬೈಂದೂರಿನಿಂದ ಬ್ರಹ್ಮಾವರದ ತನಕ ಕೇಳಿದರು. ಆಮೇಲೆ ಕಾಲ ಬದಲಾಯಿತು. ಟೇಪ್ ರೆಕಾರ್ಡರುಗಳು ಗುಜರಿಗೆ ಹೋದವು, ಅವುಗಳ ಜೊತೆ ಕ್ಯಾಸೆಟ್ಟುಗಳೂ ಹೋದವು. ಕುಷ್ಟನೂ ಊರಿಗೆ ಮರಳಿ ತಲ್ಲೂರಿನಲ್ಲಿ ಗೋಳಿಬಜೆ ಅಂಗಡಿ ಇಟ್ಟ. ಹಳೆಯ ಪದ ಕೇಳಿದರೆ, "ಬಾಯಗೆ ಹಲ್ಲಿದ್ದಾಗ ಹೇಳಿದ್ದ್, ಈಗ ಬಜಿ ತಿನ್ನಿ" ಎಂದು ನಗುತ್ತಿದ್ದ.

ಅವನ ನಾಲ್ಕನೆಯ ಕ್ಯಾಸೆಟ್ಟು ಮಾತ್ರ ಹೊರಗೆ ಬರಲೇ ಇಲ್ಲ. ಅದನ್ನು ಅವನು ಮೊದಲು ಅಕ್ಕನಿಗೆ ಕೇಳಿಸಲು ತಂದಿದ್ದ. ಅದರಲ್ಲಿ ಬಸ್ಸಿನ ಪದ ಎಂಬ ಒಂದು ಪದವಿತ್ತು. ಅಕ್ಕ ಶಾಸ್ತ್ರಿ ಸರ್ಕಲ್ಲಿನಲ್ಲಿ ಅತ್ತ ಚಂದವನ್ನು ತಮ್ಮ ಅದರಲ್ಲಿ ತಾಳಕ್ಕೆ ಸರಿಯಾಗಿ ವರ್ಣಿಸಿದ್ದ. ಜಲಜ ಕೇಳಿ ಮುಗಿಸಿ, ಕ್ಯಾಸೆಟ್ಟನ್ನು ಕಿತ್ತು ಸೆರಗಿನಲ್ಲಿ ಕಟ್ಟಿಕೊಂಡು, ಇದು ಈ ಮನೆಯ ಹೊಸಿಲು ದಾಟಿದರೆ ನಿನ್ನ ಕಾಲು ಈ ಮನೆಯ ಹೊಸಿಲು ದಾಟಬಾರದು ಎಂದಳು. ಕುಷ್ಟ ಒಪ್ಪಿದ. ಯಾರಾದರೂ ನಾಲ್ಕನೆಯದೆಲ್ಲಿ ಎಂದು ಕೇಳಿದರೆ, "ಅಕ್ಕನ ಹತ್ರ ಇತ್ತ್. ಧೈರ್ಯ ಇದ್ರೆ ಹೋಯಿ ಕೇಣಿ" ಎನ್ನುತ್ತಿದ್ದ. ಯಾರೂ ಹೋಗಿರಲಿಲ್ಲ.

ಬೈದಳೇನೋ ನಿಜ. ಆದರೆ ಮನೆಯಲ್ಲಿ ಯಾರೂ ಇಲ್ಲದಾಗ ಆ ಪದವನ್ನು ಹಾಕಿ ಕೇಳುತ್ತಿದ್ದಳು. ಕೇಳುತ್ತಾ, ಆ ಒಂದು ಪದಕ್ಕಾಗಿ ಗುಜರಿಗೆ ಹಾಕದೆ ಉಳಿಸಿಕೊಂಡಿದ್ದ ಟೇಪ್ ರೆಕಾರ್ಡರಿಗೇ ಬೈಯುತ್ತಿದ್ದಳು. ಕೇಳಿ ಕೇಳಿ ಪದ ಬಾಯಿಗೆ ಬಂದುಬಿಟ್ಟಿತ್ತು. ಕುಷ್ಟ ಸತ್ತ ಮೇಲೆ ಮಾತ್ರ ಪೂರ್ತಿ ಕೇಳಲು ಅವಳಿಂದ ಆಗಲಿಲ್ಲ. ಅಕ್ಕ ಓಡಿ ಬಂದಳು ಎಂಬ ಸಾಲು ಬರುತ್ತಲೇ ಅವಳ ಬೆರಳು ತಾನಾಗಿ ಹೋಗಿ ಗುಂಡಿ ಒತ್ತಿ ನಿಲ್ಲಿಸುತ್ತಿತ್ತು. ತಿರುಗಿಸಿ ಮೊದಲಿಂದ ಹಾಕುವುದು, ಅಲ್ಲಿಯೇ ನಿಲ್ಲಿಸುವುದು. ಅಳುವಿನ ಸಾಲುಗಳ ಬಾಗಿಲಿನ ತನಕ ಹೋಗಿ ಹಿಂದೆ ಬರುವುದು.

ಹೀಗಿರುವಾಗ ಧೈರ್ಯ ಇದ್ದವನೊಬ್ಬ ಬಂದ. ಬೈಂದೂರಿನ ರತನ್, ಮೊಬೈಲು ರಿಪೇರಿ ಅಂಗಡಿಯವನು. ಅವನಿಗೆ ಒಂದು ಹುಚ್ಚು. ನಮ್ಮ ಕಡೆಯ ಮಾತಿನಲ್ಲಿ ಯಾರು ಎಲ್ಲಿ ಹಿಪ್ ಹಾಪ್ ಪದ ಹೇಳಿ ಹಿಡಿದಿಟ್ಟಿದ್ದರೂ ಅದನ್ನು ಹುಡುಕಿ ತಂದು, ಧೂಳು ಒರೆಸಿ, ಇಂಟರ್ನೆಟ್ಟಿನಲ್ಲಿ ಎಲ್ಲರೂ ಕೇಳಲಿ ಎಂದು ಇಡುವುದು. ಬಂಗ್ಡೆ ಭಾಯ್‌ನ ಮೊದಲ ಕ್ಯಾಸೆಟ್ಟು ಅವನಿಗೆ ಹಾಲಾಡಿಯಲ್ಲಿ ಹಳೆಯ ಕ್ಲೀನರೊಬ್ಬನ ಅಟ್ಟದಲ್ಲಿ ಸಿಕ್ಕಿತ್ತು. ಎರಡನೆಯದು ಸಾಲಿಗ್ರಾಮದ ಕ್ಷೌರದಂಗಡಿಯ ಕನ್ನಡಿಯ ಹಿಂದೆ. ಮೂರನೆಯದನ್ನು ಒಬ್ಬರ ಮನೆಯಲ್ಲಿ ಅಲುಗಾಡುವ ಕಪಾಟಿನ ಕಾಲಿಗೆ ಒತ್ತು ಕೊಟ್ಟಿದ್ದರು. ಅದನ್ನು ತೆಗೆಯಲು ರತನ್ ಹೊಸ ಒತ್ತು ಮಾಡಿಸಿಕೊಟ್ಟು ಬಂದಿದ್ದ.

ಅವನು ಪೇಟೆಗೆ ಬಂದು ಜಲಜನ ಬುಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಅಕ್ಕಾ, ನಾಲ್ಕನೇ ಕ್ಯಾಸೆಟ್..."

"ಬಂಗ್ಡಿ ಇತ್ತ್, ಬೂತಾಯಿ ಇತ್ತ್. ಕ್ಯಾಸೆಟ್ ಇಲ್ಲೆ."

"ಕುಷ್ಟಣ್ಣ ಹೇಳಿದ್ರ್, ನಿಮ್ ಹತ್ರ ಇತ್ತಂಬ್ರ್."

"ಕುಷ್ಟ ಎಂತದೂ ಹೇಳ್ತಿದ್ದ. ಮೀನ್ ತಕಂತೀಯಾ, ಎದ್ದ್ ಹೋತೀಯಾ? ನನ್ ಗಿರಾಕಿಗೆ ಅಡ್ಡ ಕೂಕಂಡಿದ್ದಿ ನೀನ್."

ರತನ್ ಮೀನು ತೆಗೆದುಕೊಂಡ. ಮುಂದಿನ ವಾರ ಮತ್ತೆ ಬಂದ, ಮತ್ತೆ ತೆಗೆದುಕೊಂಡ. ಮೀನಿನ ಕಿವಿ ಬಿಡಿಸಿ ನೋಡಬೇಕೆಂಬುದೂ ಅವನಿಗೆ ಗೊತ್ತಿರಲಿಲ್ಲ. ಪದ್ದುವಿಗೆ ಅವನನ್ನು ಕಂಡರೆ ಮರುಕ. "ಜಲಜಕ್ಕ, ಈ ಮಾಣಿ ಬೈಂದೂರಿಂದ ಬತ್ತ ಮಾರಾಯ್ತಿ. ಬೈಂದೂರಗೆ ಸಮುದ್ರ ಬತ್ತಿ ಹೋಯ್ತಾ ಅಂದೇಳಿ ಅವ್ನ್ ಹೆತ್ತಬ್ಬಿ ಕೇಂತ್ರಂಬ್ರ್. ಅದೆಂತ ಇತ್ತ್ ಆ ಪದದಗೆ, ಕೊಟ್ಟ್ ಬಿಡೆ" ಎಂದಳು.

"ಹೊಲ್ಸ್ ಪದ ಅದ್. ಗರ್ತಿಯರ್ ಕೇಂಬುದಲ್ಲ" ಎಂದು ಜಲಜ ಸುಳ್ಳು ಹೇಳಿದಳು. ಅದರಿಂದ ಪದ್ದುವಿಗೂ ಅದನ್ನು ಕೇಳುವ ಆಸೆ ಹುಟ್ಟಿತು.

ಅಷ್ಟರಲ್ಲಿ ಮಹಾಲಯ ಅಮಾವಾಸ್ಯೆ ಬಂತು. ಹೋದ ಹಿರಿಯರಿಗೆ ಬಡಿಸುವ ದಿನ. ಒಳಕೋಣೆಯಲ್ಲಿ ದೀಪ ಹಚ್ಚಿ, ಬಾಳೆಲೆ ಹಾಕಿ, ಹೋದವರಿಗೆ ಏನೇನು ಇಷ್ಟವಿತ್ತೋ ಅದನ್ನೆಲ್ಲ ಬಡಿಸಿ, ಕೈಮುಗಿದು, ಬಾಗಿಲು ಹಾಕಿಕೊಂಡು ಹೊರಗೆ ಕೂರುವುದು. ಅವರು ಬಂದು ಉಂಡು ಹೋಗುವಷ್ಟು ಹೊತ್ತು ಕಾಯುವುದು. ಆಮೇಲೆ ಬಾಗಿಲು ತೆಗೆದು ಮನೆಯವರು ಉಣ್ಣುವುದು. ಕುಷ್ಟನಿಗೆ ಅದು ಮೊದಲ ಎಲೆ. ಜಲಜ ಅನ್ನ ಬಡಿಸಿದಳು, ಬಂಗ್ಡೆ ಗಸಿ ಬಡಿಸಿದಳು, ಹುರಿದ ಮೀನು, ಉದ್ದಿನ ಹಪ್ಪಳ, ಎಲೆಯ ಪಕ್ಕ ಒಂದು ಕಟ್ಟು ಬೀಡಿ ಇಟ್ಟಳು. ಇನ್ನೇನು ಬಾಗಿಲು ಹಾಕಬೇಕು, ಆಗ ಅವಳಿಗೆ ಅನ್ನಿಸಿತು: ಅವನಿಗೆ ಬಹಳ ಇಷ್ಟದ್ದು ಇನ್ನೊಂದಿದೆ. ನೆಂಟರ ಕಣ್ಣು ತಪ್ಪಿಸಿ ಕಪಾಟಿನಿಂದ ಕ್ಯಾಸೆಟ್ಟು ತಂದು ಎಲೆಯ ತುದಿಯಲ್ಲಿ ಹಪ್ಪಳದ ಅಡಿಗೆ ಇಟ್ಟಳು. "ಕೇಂಡ್ಕ ಮಾರಾಯ. ನನ್ನ ಮಾತಿಗ್ ಒಪ್ಪಿ ಇಷ್ಟ್ ವರ್ಷ ಸುಮ್ನಿದ್ದೆ ಅಲ್ದಾ" ಎಂದು ಮನಸ್ಸಿನಲ್ಲಿಯೇ ಹೇಳಿಕೊಂಡಳು.

ಆ ಕೋಣೆಯ ನೆಲ ಒಂದು ಕಡೆಗೆ ಸ್ವಲ್ಪ ಇಳಿಜಾರು. ಬಾಗಿಲು ತೆಗೆದಾಗ ಗಸಿಯೆಲ್ಲ ಎಲೆಯ ತುದಿಗೆ ಹರಿದು ಬಂದು ಕ್ಯಾಸೆಟ್ಟು ಅದರಲ್ಲಿ ಮುಳುಗಿ ಕೂತಿತ್ತು.

ಅಶೋಕ್ ಇಣುಕಿ ನೋಡಿ, "ಕ್ಯಾಸೆಟ್ಟನ್ನೂ ಗಸಿಗೆ ಅದ್ದಿ ರುಚಿ ಕಂಡಿದ್ದ ನಿನ್ ತಮ್ಮ" ಎಂದ.

"ನೀವ್ ಸುಮ್ನಿರಿ" ಎಂದಳು ಜಲಜ. ಅವನು ಮಂದ ಕಿವಿಯನ್ನು ಅವಳ ಕಡೆ ತಿರುಗಿಸಿಕೊಂಡು ಊಟಕ್ಕೆ ಕೂತ.

ನೆಂಟರು ಹೋದ ಮೇಲೆ ಅವಳು ಕ್ಯಾಸೆಟ್ಟನ್ನು ಬಾವಿಕಟ್ಟೆಗೆ ಒಯ್ದಳು. ಮೀನಿನ ಜಿಡ್ಡು, ಮೀನಿನ ವಾಸನೆ ಹೋಗಬೇಕಾದರೆ ಏನು ಮಾಡಬೇಕೆಂದು ಕೋಡಿಯ ಹೆಂಗಸಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹುಣಸೆಹುಳಿ, ಒಂದಿಷ್ಟು ಉಪ್ಪು, ತೆಂಗಿನ ನಾರು. ಕ್ಯಾಸೆಟ್ಟಿನ ಬಾಯಲ್ಲಿ ಕಾಣುತ್ತಿದ್ದ ಪಟ್ಟಿಯನ್ನು ಬೆರಳಿನಿಂದ ಹೊರಗೆಳೆದು, ಗಸಿ ತಾಗಿದಷ್ಟನ್ನೂ, ಅಂದರೆ ಒಂದು ಮಾರುದ್ದವನ್ನು, ಹುಳಿ ಹಚ್ಚಿ ಶ್ರದ್ಧೆಯಿಂದ ತಿಕ್ಕಿದಳು. ಕಂದು ಬಣ್ಣದ ಕೊಳೆ ನೀರಿನೊಂದಿಗೆ ಹರಿದುಹೋಯಿತು. ಪಟ್ಟಿ ಗಾಜಿನ ಹಾಗೆ ಬೆಳ್ಳಗೆ, ಆಚೆಯ ಬೆರಳು ಕಾಣುವಷ್ಟು ಚೊಕ್ಕವಾಯಿತು. ಮೂಸಿ ನೋಡಿದಳು, ವಾಸನೆ ಇರಲಿಲ್ಲ. ಒಣಮೀನು ಹರಡುವ ಚಾಪೆಯ ಮೇಲೆ ಬಿಸಿಲಿಗೆ ಹಾಕಿ, ಕಾಗೆ ಬಾರದಂತೆ ಕೋಲು ಹಿಡಿದು ಕಾದು ಕೂತಳು. ಒಣಗಿದ ಮೇಲೆ ಪೆನ್ಸಿಲು ತೂರಿಸಿ ಸುತ್ತಿ ಟೇಪ್ ರೆಕಾರ್ಡರಿಗೆ ಹಾಕಿದಳು. ಅದು ಕಿರ್ ಎಂದು ಒಂದು ಸದ್ದು ಮಾಡಿ ಪಟ್ಟಿಯನ್ನು ನುಂಗಿ ನಿಂತುಬಿಟ್ಟಿತು.

ಮರುದಿನ ಬೈಂದೂರಿನ ಮೊಬೈಲು ಅಂಗಡಿಗೆ ಫೋನು ಹೋಯಿತು. "ಏ ಮಾಣಿ, ಕ್ಯಾಸೆಟ್ ಇತ್ತ್. ನಿಂಗೆ ಕೊಡುಕಲ್ಲ. ರಿಪೇರಿಗೆ."

ರತನ್ ಅದನ್ನೂ ಅವಳನ್ನೂ ಬ್ರಹ್ಮಾವರಕ್ಕೆ ಕರೆದುಕೊಂಡು ಹೋದ. ಅಲ್ಲಿ ಅವನ ಗೆಳತಿ ದಿವ್ಯಾಳದ್ದು ಒಂದು ಸಣ್ಣ ಸ್ಟುಡಿಯೋ. ಯಕ್ಷಗಾನದ ಆಟದ ಪ್ರಚಾರ, ಅಂಗಡಿಯ ಪ್ರಚಾರ ಎಂದು ರಿಕ್ಷಾದಲ್ಲಿ ಕೂಗಿಕೊಂಡು ಹೋಗುವ ಮಾತುಗಳನ್ನೆಲ್ಲ ಅಲ್ಲಿಯೇ ಹಿಡಿಯುವುದು. ಬಿಡುವಿದ್ದಾಗ ದಿವ್ಯಾ ತಾನೂ ಪದ ಹೇಳಿ ಹಿಡಿದಿಡುತ್ತಿದ್ದಳು. ಹಳೆಯ ಟೇಪುಗಳ ಉಪಚಾರ ಅವಳಿಗೆ ಗೊತ್ತಿತ್ತು. ಸಣ್ಣ ತಿರುಪುಳಿಯಿಂದ ಕ್ಯಾಸೆಟ್ಟನ್ನು ಬಿಚ್ಚಿ, ಸುರುಳಿಗಳನ್ನು ಹೊಸ ಚಿಪ್ಪಿಗೆ ಹಾಕುತ್ತಾ ಹೋದವಳು ಒಂದು ಕಡೆ ನಿಂತಳು. ಬೆಳ್ಳಗಾದ ಪಟ್ಟಿಯನ್ನು ಬೆಳಕಿಗೆ ಹಿಡಿದು, "ಇದನ್ನ್ ಯಾರ್ ತಿಕ್ಕಿದ್?" ಎಂದಳು.

"ನಾನೇ. ಗಸಿ ಚೆಲ್ಲಿತ್ತ್. ಹುಣ್ಸಿಹುಳಿ ಹಾಕಿ ತಿಕ್ಕಿದೆ. ಚೊಕ್ಕ ಆಯ್ತಲ್ದಾ?"

ದಿವ್ಯಾ ರತನ್‌ನ ಮುಖ ನೋಡಿದಳು, ರತನ್ ಗೋಡೆ ನೋಡಿದ. ಕೊನೆಗೆ ಅವಳೇ ಮೆಲ್ಲಗೆ ಹೇಳಿದಳು: "ಅಕ್ಕಾ, ಆ ಕಂದ್ ಬಣ್ಣ ಕೊಳಿ ಅಲ್ಲ. ಸ್ವರ ಇಪ್ಪುದೇ ಅದ್ರಗೆ."

ಬಾವಿಕಟ್ಟೆಯ ಮೇಲಿಂದ ತೆಂಗಿನ ಬುಡಕ್ಕೆ ಹರಿದುಹೋದ ಕಂದು ನೀರು ಜಲಜನ ಕಣ್ಣಿಗೆ ಕಟ್ಟಿತು. ಅದರಲ್ಲಿ ಹೋದದ್ದು ಯಾವ ಸಾಲು ಎಂದು ತಿಳಿಯಲು ಅವಳು ಪದ ಕೇಳಬೇಕಾಗಿರಲಿಲ್ಲ. ಅವಳು ಯಾವಾಗಲೂ ನಿಲ್ಲಿಸುತ್ತಿದ್ದದ್ದು ಎಲ್ಲಿ? ಅಲ್ಲಿಯೇ ತಾನೇ ಪಟ್ಟಿ ಕ್ಯಾಸೆಟ್ಟಿನ ಬಾಯಿಗೆ ಬಂದು ನಿಂತಿದ್ದದ್ದು.

ದಿವ್ಯಾ ಪದ ಹಾಕಿದಳು. ಈರುಳ್ಳಿ ಕೊಚ್ಚುವ ಸದ್ದು ಶುರುವಾಯಿತು. ಅದರ ಮೇಲೆ ಕುಷ್ಟನ ಸ್ವರ ಬಂತು, ಹಲ್ಲೆಲ್ಲ ಗಟ್ಟಿಯಿದ್ದ ಪ್ರಾಯದ ಸ್ವರ.

"ಶಾಸ್ತ್ರಿ ಸರ್ಕಲ್ಲಗ್ ಬಸ್ಸ್ ನಿತ್ತಿತ್, ಕ್ಲೀನರ್ ಹೊಡ್ದ ಸೀಟಿ,
ನಮ್ಮಕ್ಕ ಬಂದ್ಳ್, ಓಡ್ಕಂಡ್ ಬಂದ್ಳ್, ಕಚ್ಚಿ ಬಿಗ್ದ್ ಕಟ್ಟಿ..."

ಆಮೇಲೆ ಬರೀ ಸೊಂಯ್ ಎಂಬ ಗಾಳಿ. ಗಾಳಿ ಮುಗಿಯುತ್ತಲೇ ಹೋಟೆಲಿನ ಹುಡುಗರೆಲ್ಲ ಸೇರಿ ಮೂಗಿನಲ್ಲಿ "ತಮ್ಮಾ... ತಮ್ಮಾ..." ಎಂದು ರಾಗ ಎಳೆದರು. ಮುಂದೆ ಪದ ಸರಾಗವಾಗಿ ಹೋಯಿತು.

"ಮಧ್ಯದಗೆ ಎಂತ ಇದ್ದಿತ್ ಅಕ್ಕ?" ಎಂದು ರತನ್ ಕೇಳಿದ. ಈರುಳ್ಳಿ ಕೊಚ್ಚಿದ ಗುಡ್ಡನಿಗೆ ಅವನು ಆಗಲೇ ಫೋನು ಮಾಡಿ ಕೇಳಿದ್ದ. ಅವನಿಗೆ ತಾಳ ಬಿಟ್ಟು ಬೇರೇನೂ ನೆನಪಿರಲಿಲ್ಲ. ಇನ್ನು ಭೂಮಿಯ ಮೇಲೆ ಆ ಸಾಲುಗಳು ಉಳಿದಿದ್ದದ್ದು ಜಲಜನ ಬಾಯಲ್ಲಿ ಮಾತ್ರ.

ಅವಳ ಮನಸ್ಸಿನಲ್ಲಿ ಒಂದು ಕಡೆ ತಮ್ಮನ ಸ್ವರ ಹೋಯಿತೆಂಬ ಸಂಕಟ, ಇನ್ನೊಂದು ಕಡೆ ಸಾಕ್ಷಿ ಹೋಯಿತೆಂಬ ನೆಮ್ಮದಿ. ನೆಮ್ಮದಿಯೇ ಮೊದಲು ಬಾಯಿ ತೆರೆಯಿತು. ಗಂಟಲು ಸರಿ ಮಾಡಿಕೊಂಡು, ಶಾಲೆಯ ಪದ್ಯ ಒಪ್ಪಿಸುವವಳ ಹಾಗೆ ಹೇಳಿದಳು:

"ನಮ್ಮಕ್ಕ ಜಲಜ ಧೈರ್ಯವಂತೆ, ಊರಿಗೆಲ್ಲ ಮಾದರಿ,
ತಮ್ಮನಿಗೆ ಬುದ್ಧಿ ಹೇಳಿದಳು, ಚೆನ್ನಾಗಿ ದುಡಿ ಎಂದಳು ರೀ."

ದಿವ್ಯಾ, "ಇದ್ ಪದವಾ ಅಕ್ಕ, ಪಂಚಾಯ್ತಿ ಬೋರ್ಡಾ?" ಎಂದಳು.

"ಎಂತ ಹೆಣ್ಣೆ, ನಾನ್ ಸುಳ್ಳ್ ಹೇಳ್ತ್ನಾ?"

"ಹಾಂಗಲ್ಲ. ಬುದ್ಧಿ ಹೇಳಿದ್ದಕ್ಕೆ ಈ ಗಂಡುಮಕ್ಕಳೆಲ್ಲ ತಮ್ಮಾ ತಮ್ಮಾ ಅಂದೇಳಿ ಎಂತಕೆ ಕಣ್ಣೀರ್ ಹಾಕಿ ಮರ್ಕುದ್?"

"ಅವ್ರಿಗೆ ಈರುಳ್ಳಿ ಕಣ್ಣಿಗ್ ಬಿದ್ದಿತ್ತ್" ಎಂದಳು ಜಲಜ.

ದಿವ್ಯಾ ನಂಬಲಿಲ್ಲ. ಆದರೆ ರತನ್‌ಗೆ ನಾಲ್ಕನೆಯ ಕ್ಯಾಸೆಟ್ಟು ಕೈಗೆ ಸಿಕ್ಕಿದ ಖುಷಿಯೇ ದೊಡ್ಡದಾಗಿತ್ತು. ಅಕ್ಕ ಹೇಳಿದ ಮೇಲೆ ಮುಗಿಯಿತು ಎಂದ. ಪದವನ್ನು ಎಲ್ಲರಿಗೂ ಕೇಳಿಸಲು ಜಲಜನೂ ಈಗ ಒಪ್ಪಿದಳು. ಅವಳಿಗಿನ್ನು ಹೆದರಿಕೆ ಏನಿತ್ತು? ಕಳೆದುಹೋದ ಜಾಗದಲ್ಲಿ ಆ ಸಾಲುಗಳನ್ನು ರತನ್ ತನ್ನ ತೆಳ್ಳಗಿನ ಸ್ವರದಲ್ಲಿ ಹೇಳಿ ಸೇರಿಸಿದ. 'ಈ ಸಾಲುಗಳು ಬಂಗ್ಡೆ ಭಾಯ್‌ನವೇ, ಸ್ವರ ಮಾತ್ರ ನನ್ನದು' ಎಂದು ಅಡಿಯಲ್ಲಿ ಬರೆದು ಪದವನ್ನು ಲೋಕಕ್ಕೆ ಬಿಟ್ಟ.

ಪದ ಹೋಯಿತು. ಮುಂಬಯಿಯ ಹೋಟೆಲುಗಳಿಗೆ ಹೋಯಿತು, ದುಬಾಯಿಗೆ ಹೋಯಿತು. ಜಲಜ ಪೇಟೆಯಲ್ಲಿ ಎದೆ ಸೆಟೆದು ಕೂತಳು. ಪದ್ದುವಿಗೆ ಮಾತ್ರ ನಿರಾಸೆ. "ಹೊಲ್ಸ್ ಎಂತದೂ ಇಲ್ಯಲೆ ಇದ್ರಗೆ. ಸುಮ್ನೆ ಆಸಿ ಹುಟ್ಸಿದ್ದಿ" ಎಂದಳು. ಆದರೂ ಜನ ಕೆಳಗೆ ಏನೇನು ಬರೆಯುತ್ತಾರೆಂದು ದಿನಾ ತನ್ನ ಮೊಬೈಲಿನಲ್ಲಿ ಓದಿ ಹೇಳುತ್ತಿದ್ದಳು. ಮೊದಲೆಲ್ಲ ಒಳ್ಳೆಯ ಮಾತುಗಳೇ ಬಂದವು. ಒಂದು ದಿನ ಪದ್ದು ಓದುತ್ತಾ ಓದುತ್ತಾ ನಿಲ್ಲಿಸಿದಳು.

"ಎಂತ ಬರ್ದಿದ್ರ್?"

"ಬ್ಯಾಡ ಬಿಡೆ."

"ಓದ್ತೀಯಾ, ಮೊಬೈಲ್ ಬುಟ್ಟಿಗ್ ಹಾಕ್ಕಾ?"

ಪದ್ದು ಓದಿದಳು. ದುಬಾಯಿಯಲ್ಲಿರುವ ಯಾರೋ ಒಬ್ಬ ನಮ್ಮೂರಿನವನೇ ಬರೆದಿದ್ದ: "ಮೂರ್ ಕ್ಯಾಸೆಟ್ ತನ್ಕ ಹುಲಿ ಆಗಿದ್ದ ಬಂಗ್ಡೆ ಭಾಯ್ ಇಲ್ಲಿ ಸೋತಿದ್ದ. ನಡುವಿನ್ ಸಾಲ್ ಕೇಣಿ, ನೀರ್ ಗಂಜಿ. ತಾಳ ಇಲ್ಲೆ, ಉಪ್ಪಿಲ್ಲೆ, ಹುಳಿ ಇಲ್ಲೆ. ಅಕ್ಕನ ಎದ್ರ್ ಹೇಳುಕೆ ಹೆದ್ರಿದ್ದ ಕಾಣತ್ತ್." ಅದರ ಕೆಳಗೆ ಬಹಳ ಮಂದಿ ಹೌದು ಹೌದು ಎಂದಿದ್ದರು.

ಜಲಜನ ಕೈಯಲ್ಲಿದ್ದ ಮೀನು ಬುಟ್ಟಿಗೆ ಬಿತ್ತು. ತನಗೆ ಯಾರಾದರೂ ಬೈದಿದ್ದರೆ ಅವಳು ಅಲ್ಲಿಯೇ ಎರಡರಷ್ಟು ತಿರುಗಿಸಿ ಬೈಯುತ್ತಿದ್ದಳು. ಇದು ಕುಷ್ಟನಿಗೆ ಬೈದದ್ದು. ಅವನು ಹೇಳದ ಮಾತಿಗೆ, ಅವಳು ಅವನ ಬಾಯಿಗೆ ತುರುಕಿದ ಮಾತಿಗೆ. ಎದ್ದು ಬಂದು ನನ್ನದಲ್ಲ ಎನ್ನಲು ಅವನಿಗೆ ಸಾಧ್ಯವಿಲ್ಲ. ಲೋಕವೆಲ್ಲ ಇನ್ನು ಅವನನ್ನು ಅಕ್ಕನಿಗೆ ಹೆದರಿದ ಪುಕ್ಕಲ, ತಾಳಗೇಡಿ ಎಂದು ತಿಳಿಯುತ್ತದೆ. ಹೆದರದಿದ್ದವರು ಇಬ್ಬರೇ ಇದ್ದರಲ್ಲ, ಅವರಲ್ಲಿ ಒಬ್ಬನನ್ನು.

"ಪದ್ದು, ನನ್ ಬುಟ್ಟಿ ಕಾಂತಿರ್" ಎಂದು ಎದ್ದಳು.

"ಎಲ್ಲಿಗೆ? ಅರ್ಧ ಮೀನ್ ಹಾಂಗೇ ಇತ್ತಲೆ."

"ಬ್ರಹ್ಮಾವರಕ್ಕ್ ಹೋಯ್ಕ್."

ಕೈಯ ಮೀನಿನ ನೀರು ಸೆರಗಿಗೆ ಒರೆಸಿಕೊಂಡು ಬಸ್ಸು ಹತ್ತಿದಳು. ಸಾಲಿಗ್ರಾಮ ಬಂದಾಗ ಕೂತಲ್ಲಿಂದಲೇ ದೇವರಿಗೆ ಕೈಮುಗಿದು, ಸುಳ್ಳು ಹೇಳಿದ್ದು ತಪ್ಪಾಯಿತು ಸ್ವಾಮಿ, ಬಾಯಿಗೆ ತಾಳ ಕೊಡು ಎಂದು ಬೇಡಿಕೊಂಡಳು. ಪಕ್ಕದಲ್ಲಿ ಕೂತಿದ್ದವರು ಮೀನಿನ ವಾಸನೆಗೆ ಎದ್ದು ಹಿಂದಿನ ಸೀಟಿಗೆ ಹೋದರು. ಅವಳು ಲಕ್ಷಿಸಲಿಲ್ಲ.

ಸ್ಟುಡಿಯೋದಲ್ಲಿ ದಿವ್ಯಾ ಇದ್ದಳು. ಅವಳ ಫೋನು ಹೋದ ಮೇಲೆ ರತನ್ ಬೈಂದೂರಿನಿಂದ ಬೈಕಿನಲ್ಲಿ ಓಡೋಡಿ ಬಂದ. ಅವನು ಬಾಗಿಲಲ್ಲಿರುವಾಗಲೇ ಜಲಜ, "ನಾನ್ ಹೇಳಿದ್ದ್ ಸುಳ್ಳ್. ಆ ನೀರ್ ಗಂಜಿ ನಂದ್. ಕುಷ್ಟ ಹಾಂಗೆಲ್ಲ ಹೇಳುವನಲ್ಲ" ಎಂದಳು.

"ಗೊತ್ತಿದ್ದಿತ್" ಎಂದಳು ದಿವ್ಯಾ. "ಕೂಕಣಿ. ಸರಿಯಾದ್ದ್ ಹೇಳಿ."

"ಈ ಮಾಣಿ ಸ್ವರದಗೆ ಬ್ಯಾಡ. ಇವ ಹೇಳಿರೆ ಬೂತಾಯಿ ಕುಯ್‌ಗುಟ್ಟಿದ್ ಹಾಂಗೆ ಕೇಂತ್ತ್. ನಾನೇ ಹೇಳ್ತೆ."

ದಿವ್ಯಾ ಅವಳ ಕಿವಿಗೆ ಹೆಡ್‌ಫೋನು ಹಾಕಿ, ಹಳೆಯ ಟೇಪಿನಿಂದಲೇ ಗುಡ್ಡನ ಈರುಳ್ಳಿಯ ತಾಳವನ್ನು ತೆಗೆದು ಅದರಲ್ಲಿ ಬಿಟ್ಟಳು. ಜಲಜ ಶುರು ಮಾಡಿದಳು, ತಾಳ ಮುಂದೆ ಹೋಯಿತು. ಮತ್ತೆ ಶುರು ಮಾಡಿದಳು, ಅವಳೇ ಮುಂದೆ ಹೋದಳು. ಆ ಗುಡ್ಡ ಈರುಳ್ಳಿಯನ್ನು ಸರಿಯಾಗಿ ಕೊಚ್ಚಿಲ್ಲ ಎಂದು ಮುಂಬಯಿಯ ಗುಡ್ಡನಿಗೂ ಒಂದಿಷ್ಟು ಬೈದಳು.

"ಅಕ್ಕಾ, ನೀವ್ ಹಾಡ್ಬೇಡಿ" ಎಂದಳು ದಿವ್ಯಾ. "ಕುಷ್ಟಣ್ಣ ಎದ್ರಿಗ್ ಕೂಕಂಡಿದ್ದ್ರ್ ಅಂದೇಳಿ ಮಾಡ್ಕಣಿ. ಅವ್ರಿಗ್ ಬೈದ ಹಾಂಗೆ ಹೇಳಿ."

ಅದು ಅವಳಿಗೆ ಬರುವ ವಿದ್ಯೆ. ಮೈಕಿನ ಕಂಬವನ್ನು ತಮ್ಮನ ಕುತ್ತಿಗೆಯ ಹಾಗೆ ಹಿಡಿದುಕೊಂಡಳು. ಮಣೆಯ ಮೇಲೆ ಕತ್ತಿ ಬಿತ್ತು, ಅವಳ ಮಾತೂ ಬಿತ್ತು:

"ಮೀನ್ ಪ್ಯಾಟಿಗ್ ಹುಲಿ ನಮ್ಮಕ್ಕ, ಬಸ್ಸಿನ್ ಹಿಂದೆ ಬೆಕ್ಕ್,
ಮರ್ಕ್ತಾ ಓಡ್ರೆ ಕಾಂಬುಕ್ ಬಂದಿತ್ ಕುಂದಾಪ್ರ ನಾಕ್ ದಿಕ್ಕ್.
ಒಂದ್ ಕಾಲಿಗೆ ಚಪ್ಲಿ ಇಲ್ಲೆ, ಮೂಗಿನ್ ನೀರಿಗ್ ಅಂಕಿ ಇಲ್ಲೆ,
ತಮ್ಮಾ ತಮ್ಮಾ ಅಂಬು ಸ್ವರಕೆ ಬಸ್ಸಿನ್ ಹಾರ್ನೂ ಕೇಂಸ್ತಿಲ್ಲೆ..."

ಅಲ್ಲಿ ಅವಳ ಸ್ವರ ಒಡೆಯಿತು. ತಾಳ ಒಂದು ಸುತ್ತು ಖಾಲಿ ಹೋಯಿತು. "ಎಂತಾ ಬರ್ದಿದ್ಯಾ ಮಾರಾಯ, ನಿನ್ ಬಾಯಿಗ್ ಬೆಂಕಿ ಹಾಕ" ಎಂದು ಮೈಕಿಗೇ ಹೇಳಿದಳು. ಬೆಂಕಿ ಹಾಕಿಯಾಗಿದೆ ಎಂಬುದು ಹೇಳಿದ ಮೇಲೆ ನೆನಪಾಯಿತು. ಕಣ್ಣಿಂದ ನೀರು ಇಳಿದು ಗಲ್ಲಕ್ಕೆ ಬಂತು. ಒರೆಸಿಕೊಳ್ಳದೆಯೇ ಮುಂದಿನ ತಾಳಕ್ಕೆ ಸರಿಯಾಗಿ ಎತ್ತಿಕೊಂಡಳು:

"ಪೊಟ್ಳಿ ಹೊಡ್ದ್ಳ್ ಕಿಟ್ಕಿ ಒಳ್ಗೆ, ಪಕ್ದವ್ನ್ ಮಂಡಿಗ್ ಬಿತ್ತ್,
ಮುಂಬೈ ತನ್ಕ ಬಸ್ಸಗ್ ಪೂರಾ ಒಣಮೀನ್ ವಾಸ್ನಿ ಇತ್ತ್."

ಅವಳ ಮಾತು ಮುಗಿಯುವುದಕ್ಕೂ ಹಳೆಯ ಟೇಪಿನ ಹುಡುಗರು "ತಮ್ಮಾ... ತಮ್ಮಾ..." ಎಂದು ಎತ್ತುವುದಕ್ಕೂ ಕೂದಲೆಳೆಯ ಸಂದೂ ಇರಲಿಲ್ಲ.

ದಿವ್ಯಾ ಯಂತ್ರ ನಿಲ್ಲಿಸಿದಳು. "ಅಕ್ಕಾ, ನಡು ಒಂದ್ ಕಡಿ ಸ್ವರ ಒಡ್ದಿತ್. ಬೈದದ್ದೂ ಬಂದಿತ್. ಬೇಕಾರೆ ಇನ್ನೊಂದ್ ಸಲ ಹಿಡೂವ. ಯಾರಿಗೂ ಗೊತ್ತಾತಿಲ್ಲೆ."

ಜಲಜ ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟಳು. ಯಾರಿಗೂ ಗೊತ್ತಾಗುವುದಿಲ್ಲ ಎಂಬ ಮಾತನ್ನು ಅವಳು ಬಹಳ ವರ್ಷ ನಂಬಿಕೊಂಡು ಬಂದಿದ್ದಳು. "ಬ್ಯಾಡ" ಎಂದಳು. "ಸರ್ಕಲ್ಲಗೂ ಹಾಂಗೇ ಒಡ್ದಿತ್. ಇರ್ಲಿ."

ಹಿಂದೆ ಮೂಗು ಏರಿಸುವ ಸದ್ದು ಕೇಳಿ ತಿರುಗಿದಳು. ರತನ್ ತೋಳಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದ. "ನಿಂಗ್ ಎಂತ ಆಯ್ತಾ? ಸತ್ತದ್ ನನ್ ತಮ್ಮ. ಬರಿ, ಬೇಗ ಬರಿ ಅದ್ರ್ ಅಡಿಯಗೆ. ಹಿಂದಿನ್ ಸಾಲ್ ಸುಳ್ಳ್, ಅಕ್ಕ ಹೇಳಿದ್ದ್. ಈ ಸಾಲ್ ಕುಷ್ಟಂದ್. ಟೇಪ್ ಹಾಳ್ ಮಾಡದ್ದೂ ಅಕ್ಕನೇ. ಎಲ್ಲ ಬರಿ" ಎಂದಳು.

ಅವನು ಹಾಗೆಯೇ ಬರೆದ.

ಮಾರನೆಯ ವಾರ ಪೇಟೆಗೆ ಬರುವಷ್ಟರಲ್ಲಿ ಪದ ಅವಳಿಗಿಂತ ಮೊದಲೇ ಬಂದು ಕೂತಿತ್ತು. ಐಸ್ ಒಡೆಯುವವನ ಮೊಬೈಲಿನಲ್ಲಿ ಅದೇ, ರಿಕ್ಷಾದವನ ಮೊಬೈಲಿನಲ್ಲಿ ಅದೇ. ದುಬಾಯಿಯ ಮನುಷ್ಯ ತಾನು ಬರೆದದ್ದನ್ನು ಅಳಿಸಿ, ಅಕ್ಕನಿಗೆ ಕೈಮುಗಿದ ಚಿತ್ರ ಹಾಕಿದ್ದ. ಪದ್ದು ಜಲಜನ ಬುಟ್ಟಿಗೆ ಜಾಗ ಸರಿಸಿಕೊಟ್ಟು, "ಪೊಟ್ಳಿಯಗೆ ಎಂತ ಒಣಮೀನ್ ಕಟ್ಟಿದ್ದೆ?" ಎಂದು ಕೇಳಿದಳು.

"ಮೀನಲ್ಲ, ಚಟ್ಲಿ ಸಿಗ್ಡಿ. ಒಣ ಚಟ್ಲಿ ಅವನಿಗೆ ಪ್ರಾಣ. ತಾಳಕ್ಕೆ ಬಪ್ಪುದಿಲ್ಲೆ ಅಂದೇಳಿ ಮೀನ್ ಮಾಡಿದ್ದ, ಕಳ್ಳ."

ಅಷ್ಟರಲ್ಲಿ ಒಬ್ಬ ಗಿರಾಕಿ ಬಂದ. ಪದ ಕೇಳಿದವನೇ ಇರಬೇಕು, ಮುಖದ ತುಂಬ ನಗು. ದರ ಕೇಳಿ, "ಅಷ್ಟೆಲ್ಲ ಆತಿಲ್ಲೆ ಅಕ್ಕ. ಮರ್ಕುವ ಮನಸ್ಸಿದ್ದವ್ರ್ ನೀವ್, ಒಂಚೂರ್ ಕಮ್ಮಿ ಮಾಡಿ" ಎಂದ. ಸುತ್ತಲಿನವರೆಲ್ಲ ಜಲಜನನ್ನು ನೋಡಿದರು.

"ಮರ್ಕಿದ್ದ್ ತಮ್ಮನಿಗೆ, ನಿಂಗಲ್ಲ" ಎಂದಳು ಜಲಜ. "ತಕಂಬುದಾರೆ ತಕೊ. ಇಲ್ದಿರೆ ಆಚಿ ಸರಿ, ಹಿಂದ್ ಜನ ಇತ್ತ್."

ಅವನು ತೆಗೆದುಕೊಂಡ.